ಇಲ್ಲದ ಹಿಮ, ಇರುವ ಇಬ್ಬನಿ

(ಮನೆಯಲ್ಲಿಯೇ ಮಕ್ಕಳಿಗೆ ಕಲಿಸುತ್ತಿರುವ ಮಲೆನಾಡಿನ ಪಾಲಕರ ಕೂಟದಲ್ಲಿ ಓದಿದ ಭಾಷಣದ ಪಠ್ಯ)



ಧನುರ್ಮಾಸದ ಬೆಳಗು. ಅಡಿಕೆ ತೋಟದ ಮೇಲಿನ ಮಂಜು ಇನ್ನೂ ಸರಿದಿಲ್ಲ. ಬೇಲಿಯ ಜೇಡರ ಬಲೆಯಲ್ಲಿ ಇಬ್ಬನಿ ಮಣಿಕಟ್ಟಿದೆ. ಅಂಗಳದಾಚೆ ಅಡಿಕೆ ಬೇಯುತ್ತಿರುವ ಹಂಡೆಯಿಂದ ಒಗರು ವಾಸನೆಯ ಹಬೆ ಏಳುತ್ತಿದೆ. ಇಂಥ ಮನೆಯ ಜಗಲಿಯಲ್ಲಿ ಮೂರು ವರ್ಷದ ಮಗುವೊಂದು ಥರ್ಮೋಕೋಲಿನ ಗುಳಿಗೆಗಳನ್ನು ಹರಡಿಕೊಂಡು ಹಿಮದ ಆಟ ಆಡುತ್ತಿದ್ದರೆ, ಆ ದೃಶ್ಯದಲ್ಲಿ ಏನೋ ಒಂದು ತಪ್ಪಿಹೋಗಿದೆ ಎಂದು ಯಾರಿಗಾದರೂ ಅನಿಸಬೇಕು. ಮಗುವಿನ ತಪ್ಪು ಅದರಲ್ಲಿಲ್ಲ. ಪಾಲಕರ ಪ್ರೀತಿಗೂ ಕೊರತೆಯಿಲ್ಲ. ಕಣ್ಣೆದುರಿನ ಚಳಿಗಾಲವನ್ನು ಬಿಟ್ಟು, ಚಿತ್ರಪುಸ್ತಕದ ಚಳಿಗಾಲವನ್ನು ಮನೆಗೆ ತಂದದ್ದಷ್ಟೇ ಎಡವಟ್ಟು.

ಯುರೋಪಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್‌ ಕಾಲಕ್ಕೆ ಮಕ್ಕಳು ಗೋಧಿಹುಲ್ಲಿನ ನಕ್ಷತ್ರ ಕಟ್ಟುತ್ತಾರೆ, ಪೈನ್ ಮರದ ಒಣಕಾಯಿಗಳನ್ನು ಪೋಣಿಸುತ್ತಾರೆ. ಅವು ಅಲ್ಲಿನ ಹಿತ್ತಿಲಿನಲ್ಲಿ, ಅಲ್ಲಿನ ಕಣದಲ್ಲಿ ಸಿಕ್ಕ ವಸ್ತುಗಳು. ಕಲಿಯಬೇಕಾದದ್ದು ಆ ವಿಧಾನವನ್ನು: ಕೈಗೆಟಕುವ ವಸ್ತುವಿನಿಂದ ಋತುವನ್ನು ಬರಮಾಡಿಕೊಳ್ಳುವ ಕ್ರಮವನ್ನು. ವಿಧಾನವನ್ನು ಬಿಟ್ಟು ವಸ್ತುವನ್ನು ನಕಲು ಮಾಡಿದಾಗ ಹುಲ್ಲಿನ ಜಾಗಕ್ಕೆ ಪ್ಲಾಸ್ಟಿಕ್ ಬರುತ್ತದೆ.

ಆರು ವರ್ಷದೊಳಗಿನ ಮಗು ಲೋಕವನ್ನು ಅರಿಯುವುದು ಮೊದಲು ಚರ್ಮದಿಂದ, ಮೂಗಿನಿಂದ, ಕಿವಿಯಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರ ಶಾಲಾ ಶಿಕ್ಷಣವನ್ನು ಕುರಿತದ್ದು. ಅದಕ್ಕೂ ಮೊದಲಿನ ವರ್ಷಗಳು ಮನೆಯವರ ಕೈಯಲ್ಲೇ ಇವೆ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ 3ರಿಂದ 8ರ ವಯಸ್ಸಿನಲ್ಲಿ ಆಟವೇ ಕಲಿಕೆಯ ದಾರಿ ಎಂದು ಒಪ್ಪಿದೆ. ಇದು ಹೊಸ ಮಾತಲ್ಲ. 1939ರಲ್ಲಿ ಭಾರತಕ್ಕೆ ಬಂದ ಮಾರಿಯಾ ಮಾಂಟೆಸ್ಸೊರಿ ಮಹಾಯುದ್ಧದ ಕಾಲದಲ್ಲಿ ಕೊಡೈಕನಾಲ್ ಬೆಟ್ಟದಲ್ಲಿ ನೆಲೆಸಬೇಕಾಯಿತು. ಅಲ್ಲಿ ಅವರು ಸುತ್ತಲಿನ ಗಿಡ, ಕೀಟ, ನೀರುಗಳನ್ನೇ ಮಕ್ಕಳ ಪಾಠವಾಗಿಸಿದರು. ಬೆಟ್ಟದ ಊರಿನಲ್ಲಿ ಆಟಿಕೆಯ ಪೆಟ್ಟಿಗೆ ಬಾಗಿಲಾಚೆಯೇ ತೆರೆದುಕೊಂಡಿರುತ್ತದೆ.

ಮಲೆನಾಡಿನ ಚಳಿಗಾಲ ಎಂದರೆ ಅಡಿಕೆಯ ಕೊಯ್ಲು, ಗದ್ದೆಯ ಸುಗ್ಗಿ. ಎರಡೂ ಮಗುವಿನ ಕೈಗೆ ಬೇಕಾದಷ್ಟನ್ನು ಕೊಡುತ್ತವೆ. ಮೊದಲಿಗೆ ಚೊಗರು. ಅಡಿಕೆ ಬೇಯಿಸಿ ಉಳಿದ ಈ ಕೆಂಗಂದು ರಸವನ್ನು ಚೆನ್ನಾಗಿ ಆರಿಸಿ, ಒಂದು ಚಿಪ್ಪಿನಲ್ಲಿ ಕೊಟ್ಟರೆ ಮಗುವಿಗೆ ಬಣ್ಣದ ಪೆಟ್ಟಿಗೆಯೇ ಬೇಡ. ಬೆರಳದ್ದಿ ಹಳೆಯ ಬಟ್ಟೆಯ ಮೇಲೆ ಒತ್ತಿದರೆ ಕೆಂಪು ಮೂಡುತ್ತದೆ. ಅದೇ ಚೊಗರಿನಲ್ಲಿ ದೊಡ್ಡವರು ತುಕ್ಕು ಹಿಡಿದ ಮೊಳೆಯನ್ನು ರಾತ್ರಿಯಿಡೀ ನೆನೆಸಿಟ್ಟರೆ ಬೆಳಗಿಗೆ ಬಣ್ಣ ಕಪ್ಪಿಗೆ ತಿರುಗಿರುತ್ತದೆ. ಚೊಗರಿನ ಒಗರಿಗೂ ಕಬ್ಬಿಣಕ್ಕೂ ಕೂಡಿದ ಗುಣ ಅದು. ಸಾಗರ ತಾಲ್ಲೂಕಿನ ಚರಕ ಮಹಿಳಾ ಸಹಕಾರಿ ಸಂಘ ಕೈಮಗ್ಗದ ನೂಲಿಗೆ ಬಣ್ಣ ಕೊಡಲು ಇದೇ ಚೊಗರನ್ನು ಬಳಸುತ್ತ ಬಂದಿದೆ. ಮಗುವಿನ ಆಟಕ್ಕೂ ಊರಿನ ಕಸುಬಿಗೂ ನಡುವೆ ಗೋಡೆ ಇಲ್ಲವೆಂಬುದನ್ನು ಬಾಯಿಮಾತಿನಲ್ಲಿ ಹೇಳಬೇಕಾಗಿಯೇ ಇಲ್ಲ.

ಎರಡನೆಯದು ಭತ್ತ. ಒಂದು ಮೊರದಲ್ಲಿ ಭತ್ತ, ಇನ್ನೊಂದರಲ್ಲಿ ಅಕ್ಕಿ, ಮತ್ತೊಂದರಲ್ಲಿ ನುಚ್ಚು, ತೌಡು, ಉಮಿ ಹೀಗೆ ಇಟ್ಟು ಕಣ್ಣು ಮುಚ್ಚಿ ಮುಟ್ಟಲು ಹೇಳಬಹುದು. ಒಂದು ತರಿ, ಒಂದು ನುಣುಪು, ಒಂದು ಚುಚ್ಚುತ್ತದೆ, ಒಂದು ಕೈಗೆ ಅಂಟುತ್ತದೆ. ಬಟ್ಟಲ ನೀರಿಗೆ ಭತ್ತ ಹಾಕಿದರೆ ಗಟ್ಟಿಕಾಳು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಒಂದೇ ಧಾನ್ಯ ಮಗುವಿನ ನಾಲಿಗೆಗೆ ಎಷ್ಟೊಂದು ಕನ್ನಡ ಮಾತುಗಳನ್ನು ದಾಟಿಸಿತು! ಬೆರಳು ಅರಿಯದ ಪದ ಬಹುಕಾಲ ಉಳಿಯುವುದಿಲ್ಲ.

ಮೂರನೆಯದು ಚಿತ್ತಾರ. ದೀವರ ಹೆಣ್ಣುಮಕ್ಕಳ ಹಸೆಚಿತ್ತಾರದಲ್ಲಿ ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿಯ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿನಾರು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆದ ಗೆರೆಗಳು ಚಳಿಗಾಲದವರೆಗೂ ಅಟ್ಟದಲ್ಲಿ ಉಳಿದಿರುತ್ತವೆ. ಆ ಬುಟ್ಟಿಯನ್ನು ಇಳಿಸಿ, ಮಗುವಿನ ಬೆರಳು ಗೆರೆಯ ಮೇಲೆ ಹರಿಯಲು ಬಿಡಬೇಕು. ಆದರೆ ಚಿತ್ತಾರ ಯಾರೂ ಎತ್ತಿಕೊಂಡು ಹೋಗಬಹುದಾದ ಅಲಂಕಾರವಲ್ಲ, ಅದಕ್ಕೆ ಒಡತಿಯರಿದ್ದಾರೆ. ಬರೆಯಬಲ್ಲ ಅಜ್ಜಿಯ ಮನೆಗೆ ಮಗುವನ್ನು ಕರೆದೊಯ್ದು, ಅವರೆದುರು ಕೂರಿಸಿ ಕಲಿಸುವುದೇ ಮರ್ಯಾದೆ. ಹಾಳೆಯ ವಿಷಯವನ್ನು ಹೇಳಬೇಕಾಗಿಯೇ ಇಲ್ಲ: ಬಿದ್ದ ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಕ್ಕ ಎಳೆದರೆ ಅದಕ್ಕಿಂತ ದೊಡ್ಡ ರಥವಿಲ್ಲ.

ಇಷ್ಟು ಹೇಳಿದ ಮೇಲೆ, ಹೇಳದೆ ಬಿಡಲಾಗದ ಮಾತೊಂದಿದೆ. ಕರಕುಶಲಕ್ಕೆ ಕಾಡಿನ ತರಗೆಲೆ ಆರಿಸಲು ಮಕ್ಕಳನ್ನು ಕರೆದೊಯ್ಯುವ ಉತ್ಸಾಹ ಈಗ ಹಬ್ಬುತ್ತಿದೆ. ಮಲೆನಾಡಿನಲ್ಲಿ ಇದು ಪ್ರಾಣದ ಪ್ರಶ್ನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರ್‌ನಿಂದ ಮೇವರೆಗೆ. ಆಗ ಉಣುಗಿನ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಣ ದರಗಿನಲ್ಲಿ ಕಾದಿರುತ್ತವೆ. ಪರಿಣಾಮ ಸಾಲದೆಂದು ಹಳೆಯ ಲಸಿಕೆಯ ಬಳಕೆಯೂ ನಿಂತಿದೆ. ಆದ್ದರಿಂದ ಎಳೆಯ ಮಕ್ಕಳ ಕೈಗೆ ಕಾಡಿನ ದರಗು ಬೇಡ. ಅಂಗಳದ ಹಲಸು, ಮಾವು, ಬಾಳೆಯ ಎಲೆಯೇ ಸಾಕು. ಕಾಡಂಚಿಗೆ ಹೋಗಿ ಬಂದರೆ ಬಿಸಿನೀರಿನ ಸ್ನಾನ ಮಾಡಿಸಿ, ಬಟ್ಟೆ ಒಗೆದು, ಕಂಕುಳು, ಕಿವಿಯ ಹಿಂಭಾಗ, ತಲೆಗೂದಲುಗಳನ್ನು ನೋಡಬೇಕು. ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋದದ್ದನ್ನೂ ತಿಳಿಸಬೇಕು. ಸತ್ತ ಮಂಗ ಕಂಡಲ್ಲಿ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು.

ಸ್ವಾಭಾವಿಕವಾದದ್ದೆಲ್ಲ ನಿರಪಾಯ ಎಂಬ ನಂಬಿಕೆಯೂ ಸಲ್ಲದು. ಗುಲಗಂಜಿಯ ಕೆಂಪು ಕಪ್ಪು ಮಣಿ ಎಷ್ಟು ಚೆಲುವೋ ಅಷ್ಟೇ ವಿಷ. ಸರ ಪೋಣಿಸಲು ತೂತು ಕೊರೆದ ಬೀಜ ಇನ್ನೂ ಅಪಾಯದ್ದು. ಔಡಲದ ಬೀಜವೂ ಅದೇ ಜಾತಿಯ ವಿಷ. ಇಡೀ ಕಡಲೆಬೀಜ ಎಳೆಯ ಮಗುವಿನ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳಬಹುದು. ಇನ್ನು ಅಂಗಡಿಯಿಂದ ಬರುವ, ನೀರಿನಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳನ್ನು ಮಗು ನುಂಗಿದರೆ ಅವು ಕರುಳಿನಲ್ಲಿಯೂ ಉಬ್ಬಿ ದಾರಿ ಕಟ್ಟುತ್ತವೆ. ಈ ಕಾರಣಕ್ಕೆ 2023ರ ಕೊನೆಯಲ್ಲಿ ಅಮೆರಿಕದ ದೊಡ್ಡ ಮಳಿಗೆಗಳು ಮಕ್ಕಳಿಗೆಂದು ಅವುಗಳನ್ನು ಮಾರುವುದನ್ನು ನಿಲ್ಲಿಸಲು ಮುಂದಾದವು. ಅಲ್ಲಿ ನಿಂತ ಸರಕಿಗೆ ಇಲ್ಲಿನ ಜಗಲಿಯಲ್ಲಿ ಜಾಗವೇಕೆ?

ಹೊಳೆಯುವ ಪುಡಿಯ ಕಥೆಯೂ ಹೀಗೆಯೇ. ಬಿಡಿಯಾಗಿ ಮಾರುವ ಪ್ಲಾಸ್ಟಿಕ್ ಮಿನುಗುಪುಡಿಯನ್ನು ಯುರೋಪಿನ ಒಕ್ಕೂಟ 2023ರ ಅಕ್ಟೋಬರ್‌ನಿಂದ ತಡೆದಿದೆ. ಭಾರತದಲ್ಲಿ ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ. ಬೆಟ್ಟದ ಊರುಗಳಲ್ಲಿ ಇದರ ಅರ್ಥ ಸ್ಪಷ್ಟ: ಜಗಲಿಯಲ್ಲಿ ಚೆಲ್ಲಿದ್ದು ಅಂಗಳಕ್ಕೆ, ಅಂಗಳದಿಂದ ಹಳ್ಳಕ್ಕೆ, ಹಳ್ಳದಿಂದ ಶರಾವತಿಗೋ ತುಂಗೆಗೋ ಸೇರುತ್ತದೆ. ಚೊಗರು ಬಳಿದ ಬಾಳೆಪಟ್ಟೆಯಾದರೋ ಆಟ ಮುಗಿದ ಮೇಲೆ ಗೊಬ್ಬರಗುಂಡಿಗೆ ಹೋಗಿ ಮುಂದಿನ ವರ್ಷದ ಮಣ್ಣಾಗುತ್ತದೆ.

ಕೊನೆಗೆ ಸಂಕ್ರಾಂತಿ. ಮನೆಯಲ್ಲೇ ಕಲಿಯುವ ಮಗುವಿನ ಬಗ್ಗೆ ಕೇಳಿಬರುವ ಆಕ್ಷೇಪವೆಂದರೆ ಅದು ಒಂಟಿಯಾಗುತ್ತದೆ ಎಂಬುದು. ಆಕ್ಷೇಪ ಹುಸಿಯಲ್ಲ. ಸುಂದರವಾದ ಕರಕುಶಲವನ್ನೆಲ್ಲ ಮುಚ್ಚಿದ ಬಾಗಿಲ ಹಿಂದೆಯೇ ಮಾಡಿ ಮುಗಿಸುವ ಮನೆಯಲ್ಲಿ ಅದು ನಿಜವೂ ಆಗುತ್ತದೆ. ಅದಕ್ಕೆ ಉತ್ತರ ಹಬ್ಬದೊಳಗೇ ಇದೆ. ಎಳ್ಳು ಹುರಿಯುವಾಗಿನ ಚಟಪಟ ಸದ್ದನ್ನು ಮಗು ದೂರದಿಂದ ಕೇಳಲಿ. ಮರದ ಅಚ್ಚಿನಿಂದ ಬಿಡಿಸಿದ ಸಕ್ಕರೆಯ ಆನೆ, ಕುದುರೆಗಳನ್ನು ಮುಟ್ಟಿ ನೋಡಲಿ. ಬಯಲುಸೀಮೆಯ ನೆಂಟರಿದ್ದರೆ ಕುಸುರೆಳ್ಳು ಮಾಡುವುದನ್ನು ನೋಡಲಿ; ಸಣ್ಣ ಉರಿಯಲ್ಲಿ ಸಕ್ಕರೆಪಾಕವನ್ನು ಹನಿಹನಿಯಾಗಿ ಹಾಕುತ್ತ ಕೈಯಾಡಿಸಿದಂತೆ ಎಳ್ಳಿಗೆ ಮುಳ್ಳು ಮೂಡುವುದು ತಾಳ್ಮೆಗೆ ಒಂದು ಪಾಠ. ಬೆಲ್ಲ, ಕೊಬ್ಬರಿಯ ಚೂರುಗಳನ್ನು ಬೆರೆಸುವ ಕೆಲಸ ಮಗುವಿನದಾಗಲಿ. ಆಮೇಲೆ ಅದೇ ಮಗು, ತಾನೇ ಬಣ್ಣ ಹಚ್ಚಿದ ದೊನ್ನೆಯಲ್ಲಿ ಎಳ್ಳುಬೆಲ್ಲ ತುಂಬಿಕೊಂಡು, ಕೇರಿಯ ಮನೆಮನೆಗೂ ಹೋಗಿ ಬೀರಿ ಬರಲಿ. ಚಿತ್ತಾರ ಕಲಿಸಿದ ಅಜ್ಜಿಯ ಮನೆಗೆ, ಅಡಿಕೆ ಸುಲಿಯಲು ಬಂದವರ ಮನೆಗೆ, ಅಂಗನವಾಡಿಯ ಮಕ್ಕಳಿಗೆ.

ಶಾಲೆಗೆ ಹೋಗದ ಮಗುವಿಗೆ ಊರೇ ಶಾಲೆಯಾಗಬೇಕಾದರೆ ಮಗು ಊರಿಗೆ ಸೇರಬೇಕು. ಇಲ್ಲದ ಹಿಮವನ್ನು ಹಣ ಕೊಟ್ಟು ತರುವ ಮೊದಲು, ನಾಳೆ ಬೆಳಗ್ಗೆ ಬಿಸಿಲು ಏರುವ ಮುನ್ನ, ಮಗುವನ್ನು ಎತ್ತಿಕೊಂಡು ಬೇಲಿಯ ಬಳಿಗೆ ಹೋಗಿ ಆ ಜೇಡರ ಬಲೆಯನ್ನು ತೋರಿಸಿರಿ. ಬೆರಳ ತುದಿಗೆ ಒಂದು ಹನಿ ಇಬ್ಬನಿ ತಾಗಿದರೆ ಚಳಿಗಾಲದ ಮೊದಲ ಪಾಠ ಆದಂತೆ.