ತುಪ್ಪದ ತೆರಿಗೆ ಇಳಿದರೆ ನಮಗೇನು?

(ಚಿಮ್ಮನಚೋಡದಲ್ಲಿ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣ)



ತೆರಿಗೆ ಎಂಬುದು ವ್ಯಾಪಾರಿಗಳ ವಿಷಯ, ಎರಡು ಎಮ್ಮೆ ಕಟ್ಟಿದವರಿಗೆ ಅದರ ಗೊಡವೆ ಏಕೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಲಿಗೆ ಜಿ.ಎಸ್.ಟಿ. ಇಲ್ಲ, ಪಶು ಆಹಾರಕ್ಕೂ ಇಲ್ಲ, ನಿಜ. ಆದರೆ ನಾವು ಸಂಘಕ್ಕೆ ಹಾಕಿದ ಹಾಲೆಲ್ಲ ಹಾಲಾಗಿಯೇ ಮಾರಾಟವಾಗುವುದಿಲ್ಲ. ಉಳಿದದ್ದು ಮೊಸರು, ಬೆಣ್ಣೆ, ತುಪ್ಪವಾಗುತ್ತದೆ. ತೆರಿಗೆ ಇರುವುದು ಅಲ್ಲಿ.

ತೆರಿಗೆ ಗಿರಾಕಿಯ ನಡವಳಿಕೆಯನ್ನು ಬದಲಿಸುತ್ತದೆ. 2022ರ ಜುಲೈ 18ರಿಂದ ಪಾಕೀಟಿನ ಮೊಸರು, ಮಜ್ಜಿಗೆ, ಲಸ್ಸಿಗೆ ಶೇ. 5ರ ತೆರಿಗೆ ಬಂತು. ಬಿಡಿ ಮೊಸರಿಗೆ ಬರಲಿಲ್ಲ. 10 ರೂಪಾಯಿಯ ನಂದಿನಿ ಮೊಸರು ಮೊದಲು 12 ರೂಪಾಯಿಯಾಗಿ, ಜನ ಆಕ್ಷೇಪಿಸಿದ ಮೇಲೆ 10.50ಕ್ಕೆ ನಿಂತಿತು. ಐವತ್ತು ಪೈಸೆ ಸಣ್ಣದೆನಿಸಬಹುದು. ಆದರೆ ಬಡ ಗಿರಾಕಿ ಅದನ್ನೂ ಲೆಕ್ಕ ಹಾಕುತ್ತಾನೆ. ಪರೀಕ್ಷೆಯಾಗಿ ಬಂದ ಪಾಕೀಟಿಗೆ ತೆರಿಗೆ, ಪರೀಕ್ಷೆಯಿಲ್ಲದ ಬಿಡಿ ಮೊಸರಿಗೆ ವಿನಾಯಿತಿ ಎಂದಾದಾಗ ಗಿರಾಕಿ ಯಾವ ಕಡೆ ವಾಲುತ್ತಾನೆಂದು ಹೇಳಬೇಕಾಗಿಲ್ಲ.

ಎಲ್ಲ ಪದಾರ್ಥಗಳೂ ಒಂದೇ ಅಲ್ಲ. ದರ ಏರಿತೆಂದು ಚಹಾದ ಹಾಲನ್ನು ಯಾರೂ ಬಿಡುವುದಿಲ್ಲ. ತುಪ್ಪವನ್ನು ಮಾತ್ರ ಹಬ್ಬದವರೆಗೆ ಮುಂದೂಡುತ್ತಾರೆ. ಆದ್ದರಿಂದ ತೆರಿಗೆಯ ಪೆಟ್ಟು ತುಪ್ಪಕ್ಕೆ ಹೆಚ್ಚು.

2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆಯ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ನಂದಿನಿ ತುಪ್ಪ ಲೀಟರಿಗೆ 650ರಿಂದ 610 ರೂಪಾಯಿಯಾಯಿತು. ಲೆಕ್ಕ ಮಾಡಿ ನೋಡೋಣ. 650ರಲ್ಲಿ ತೆರಿಗೆ ಸುಮಾರು 70, ಉಳಿದದ್ದು 580. 610ರಲ್ಲಿ ತೆರಿಗೆ ಸುಮಾರು 29, ಉಳಿದದ್ದು 581. ಅಂದರೆ ಇಳಿಕೆಯೆಲ್ಲ ಗಿರಾಕಿಗೇ ಹೋಯಿತು. ಒಂದು ಲೀಟರಿನಲ್ಲಿ ನಮ್ಮ ಪಾಲು ಹೆಚ್ಚಲಿಲ್ಲ. ದರ ಇಳಿದು ಮಾರಾಟ ಹೆಚ್ಚಿದರೆ ಮಾತ್ರ ನಮಗೆ ಲಾಭ. ಅದೇ ವರ್ಷ ನವೆಂಬರಿನಲ್ಲಿ ಆ ತುಪ್ಪ 700 ರೂಪಾಯಿಗೆ ಏರಿತು. ಅದಕ್ಕೆ ತೆರಿಗೆ ಕಾರಣವಲ್ಲ, ಮಾರುಕಟ್ಟೆ ಕಾರಣ. ತೆರಿಗೆ ಇಳಿದ ಮಾತ್ರಕ್ಕೆ ದರ ಸ್ಥಿರವಾಗಿ ನಿಲ್ಲುವುದಿಲ್ಲ ಎಂಬುದನ್ನು ಇದರಿಂದ ತಿಳಿಯಬೇಕು.

ಇನ್ನೊಂದು ಮಾತು. ಹಾಲಿಗೆ ತೆರಿಗೆ ಇಲ್ಲದಿದ್ದರೂ ಒಕ್ಕೂಟ ಕೊಳ್ಳುವ ಪಾಕೀಟಿನ ಪ್ಲಾಸ್ಟಿಕ್ ಹಾಳೆಗೆ, ಯಂತ್ರದ ಬಿಡಿಭಾಗಕ್ಕೆ ತೆರಿಗೆ ಇದೆ. ತೆರಿಗೆಯುಳ್ಳ ತುಪ್ಪದ ಲೆಕ್ಕದಲ್ಲಿ ಅಂಥ ತೆರಿಗೆಯನ್ನು ಹೊಂದಿಸಿಕೊಳ್ಳಬಹುದು. ವಿನಾಯಿತಿಯುಳ್ಳ ಹಾಲಿನ ಲೆಕ್ಕದಲ್ಲಿ ಬರುವುದಿಲ್ಲ, ಅದು ಖರ್ಚಿಗೇ ಸೇರುತ್ತದೆ. ಖರ್ಚು ಹೆಚ್ಚಿದಷ್ಟೂ ನಮಗೆ ಕೊಡುವ ದರಕ್ಕೆ ಕತ್ತರಿ.

ತೆರಿಗೆಯ ಹಣ ನಮ್ಮ ಕಡೆಗೂ ತಿರುಗಿ ಬರುತ್ತದೆ. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭಿಸಿತು. ಅದು 2013ರಲ್ಲಿ 4, 2016ರಲ್ಲಿ 5 ಆಯಿತು. ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ ಈ ಹಣ. ಹೋಟೆಲಿಗೆ ಕೊಟ್ಟವರಿಗೆ ಇಲ್ಲ. ತೆರಿಗೆ ಗಿರಾಕಿಯನ್ನು ದೂರ ತಳ್ಳಿದರೆ, ಪ್ರೋತ್ಸಾಹಧನ ಉತ್ಪಾದಕನನ್ನು ಸಂಘದ ಕಡೆಗೆ ಎಳೆಯುತ್ತದೆ.

ಆದ್ದರಿಂದ ನನ್ನ ವಿನಂತಿ ಮೂರು. ಹಾಲಿನ ಕ್ಯಾನಿಗೂ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ. ಸಂಘಕ್ಕೆ ಕ್ಯಾನು ಕೊಳ್ಳುವಾಗ ಬಿಲ್ಲು ನೋಡಿ. ಹೋಟೆಲಿನವರು ಒಂದೆರಡು ರೂಪಾಯಿ ಹೆಚ್ಚು ಕೊಟ್ಟರೆ, ಪ್ರೋತ್ಸಾಹಧನ ಸೇರಿಸಿ ಲೆಕ್ಕ ಹಾಕಿ. ಹಾಲಿಗೆ ನೀರು ಸೇರದಂತೆ ನೋಡಿಕೊಳ್ಳಿ. ದರ ಇಳಿದಾಗ ಹೊಸದಾಗಿ ಬಂದ ಗಿರಾಕಿ, ದರ ಏರಿದಾಗಲೂ ಉಳಿಯುವುದು ಗುಣಮಟ್ಟದಿಂದ ಮಾತ್ರ.

ತೆರಿಗೆ ಹಾಕುವುದು, ಇಳಿಸುವುದು ನಮ್ಮ ಕೈಯಲ್ಲಿಲ್ಲ. ಲೆಕ್ಕ ತಿಳಿಯುವುದು ನಮ್ಮ ಕೈಯಲ್ಲಿದೆ.