ಚಾವಡಿಯೆಂಬ ರಂಗಸ್ಥಳ

ಸಂಗೀತಕ್ಕೆ ಸಭಾಗೃಹ ಬೇಕೆಂಬುದು ಪಟ್ಟಣದವರ ಎಣಿಕೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಆ ಕೆಲಸವನ್ನು ಬಹುಕಾಲ ನಿರ್ವಹಿಸಿದ್ದು ಮನೆಯ ಚಾವಡಿ ಮತ್ತು ದೇವಸ್ಥಾನದ ಜಗಲಿ. ಅಲ್ಲಿ ನಡೆಯುತ್ತಿದ್ದುದು ತಾಳಮದ್ದಳೆ.

ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ನಡುವಿನ ಮಳೆಗಾಲದಲ್ಲಿ ವೇಷವನ್ನೂ ಕುಣಿತವನ್ನೂ ಬದಿಗಿಟ್ಟು, ಹಾಡು ಮತ್ತು ಮಾತು ಮಾಡಿನ ಕೆಳಗೆ ಬಂದು ಕುಳಿತವು. ಭಾಗವತರು, ಚೆಂಡೆ, ಮದ್ದಳೆ, ಎದುರುಬದುರಾಗಿ ಅರ್ಥಧಾರಿಗಳು. ಪದ ಪ್ರಸಂಗಕರ್ತನದು, ಅರ್ಥ ಮಾತ್ರ ಆ ಕ್ಷಣದಲ್ಲಿ ಹುಟ್ಟಬೇಕು.

ಇದರಿಂದಾದ ಉಪಕಾರವನ್ನು ಕನ್ನಡ ಅಧ್ಯಾಪಕನಾಗಿದ್ದ ನಾನು ಹೇಳಲೇಬೇಕು. ಇಲ್ಲಿಯ ಬಹುಮಂದಿಯ ಮನೆಮಾತು ತುಳು. ಆದರೂ ‘ಕರ್ಣಭೇದನ’ದಲ್ಲಿ ಕೃಷ್ಣನ ವಾದ ಎಲ್ಲಿ ಸಡಿಲವಾಯಿತೆಂದು ಬೆರಳಿಟ್ಟು ತೋರಿಸಬಲ್ಲ ಕೃಷಿಕರನ್ನು ನಾನು ಕಂಡಿದ್ದೇನೆ. ನಾವು ಟಿಪ್ಪಣಿ ಬರೆಯಿಸಿ ಕಲಿಸಿದ ಗ್ರಾಂಥಿಕ ಕನ್ನಡವನ್ನು ಅವರು ಚಾವಡಿಯಲ್ಲಿ ಕಿವಿಯಿಂದಲೇ ಕಲಿತಿದ್ದರು.

ಆ ಜಾಗ ಕಂಠಕ್ಕೂ ಪರೀಕ್ಷೆಯೊಡ್ಡುತ್ತಿತ್ತು. ಹೆಂಚಿನ ಮೇಲೆ ಸುರಿಯುವ ಮಳೆಯನ್ನು ಮೀರಿ ಹಾಡಬೇಕು. ಮಾರು ದೂರದಲ್ಲಿ ಕುಳಿತವನಿಗೆ ಒಂದಕ್ಷರವೂ ಜಾರಬಾರದು. ಮೂಡುಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ, ಕಟೀಲು ಮೇಳದ ಬಲಿಪ ನಾರಾಯಣ ಭಾಗವತರನ್ನು (1938–2023) ಕೇಳಿದವರಿಗೆ ಇದು ತಿಳಿದೀತು. ಅವರ ಏರುಶ್ರುತಿಯ ಕಂಠಕ್ಕೆ ಧ್ವನಿವರ್ಧಕ ಅನಿವಾರ್ಯವಾಗಿರಲಿಲ್ಲ.

1976ರಲ್ಲಿ ಮಂಗಳೂರು ಆಕಾಶವಾಣಿ ಕೇಂದ್ರ ತೆರೆದು, ತಾಳಮದ್ದಳೆ ಮನೆಮನೆಗೆ ತಲುಪಿತು. ವೇಷವಿಲ್ಲದ ಕಲೆಗೆ ಕಣ್ಣು ಬೇಡದ ಮಾಧ್ಯಮ ಒದಗಿತು. ಆದರೆ ಇರುಳಿಡೀ ಬೆಳೆಯಬಲ್ಲ ಸಂವಾದ ಗಡಿಯಾರದ ಮುಳ್ಳಿಗೆ ಬಾಗಬೇಕಾಯಿತು. ಕೇಳುಗ ತಲೆದೂಗಿದ್ದೂ ಹುಬ್ಬುಗಂಟಿಕ್ಕಿದ್ದೂ ಅರ್ಥಧಾರಿಗೆ ಕಾಣಿಸದಾಯಿತು.

ಇಂದು ವಿಶಾಲವಾದ ಚಾವಡಿಯುಳ್ಳ ಮನೆಗಳು ವಿರಳ. ಮೂಡುಬಿದಿರೆಯ ‘ಆಳ್ವಾಸ್ ವಿರಾಸತ್’ ಬಯಲು ವೇದಿಕೆಯಲ್ಲಿ ಸಾವಿರಾರು ಜನರಿಗೆ ದೇಶದ ಹಿರಿಯ ಕಲಾವಿದರನ್ನು ಕೇಳಿಸಿದೆ. ಅದು ಸಣ್ಣ ಸಂಗತಿಯಲ್ಲ. ಆದರೆ ಸಾವಿರ ಜನರ ಸಭೆ ನಲವತ್ತು ಜನರ ಚಾವಡಿಯ ಕೆಲಸವನ್ನು ಮಾಡಲಾರದು. ಅಲ್ಲಿ ನಾವು ಪ್ರೇಕ್ಷಕರು. ಇಲ್ಲಿ ವಾದಕ್ಕೆ ಸಾಕ್ಷಿಗಳು.

ಹಳೆಯ ಮನೆಗಳನ್ನು ಮರಳಿ ಕಟ್ಟಿರೆಂದು ನಾನು ಹೇಳುತ್ತಿಲ್ಲ. ತಾಳಮದ್ದಳೆ ಏರ್ಪಡಿಸುವ ಸಂಘಗಳಲ್ಲಿ ನನ್ನ ಬಿನ್ನಹ ಇಷ್ಟೆ: ವೇದಿಕೆ ತಗ್ಗಾಗಿರಲಿ, ಧ್ವನಿವರ್ಧಕ ಮೆಲ್ಲಗಿರಲಿ, ಸನ್ಮಾನ ಭಾಷಣ ಅದಕ್ಕಿಂತಲೂ ಮೆಲ್ಲಗೆ ಮುಗಿದುಹೋಗಲಿ. ಮುಂದಿನ ಸಾಲಿನಲ್ಲಿ ಮಕ್ಕಳು ಕುಳಿತಿರಲಿ. ಅರ್ಥ ಹೇಳುವವರ ಕಣ್ಣಿಗೆ ಅವರ ಮುಖ ಬಿದ್ದರೆ, ಆ ಜಾಗವೇ ಚಾವಡಿ.