ಮಿಡಿಯುವ ತಾರೆ, ಮರೆಯಾಗುವ ತಾರೆ

ಧ್ರುವನ ಕಥೆಯನ್ನು ಕೇಳುತ್ತ ಬೆಳೆದ ನಮಗೆ ನಕ್ಷತ್ರವೆಂದರೆ ಅಚಲತೆಯ ಪ್ರತೀಕ. ಆದರೆ ಆ ಧ್ರುವನ ಕಾಂತಿಯೇ ಸುಮಾರು 4 ದಿನಗಳಿಗೊಮ್ಮೆ ಅತ್ಯಲ್ಪವಾಗಿ ಏರಿಳಿಯುತ್ತದೆ. ಹೀಗೆ ಮಂಕಾಗಿ ಮತ್ತೆ ಬೆಳಗುವ ತಾರೆಗಳು ಆಕಾಶದಲ್ಲಿ ಅಸಂಖ್ಯ. ಅಂಥ ತಾರೆ ತಾನೇ ಬದಲಾಗುತ್ತಿದೆಯೋ, ಅಥವಾ ಇನ್ನೊಂದು ತಾರೆ ಅದಕ್ಕೆ ಅಡ್ಡ ಬಂದಿದೆಯೋ? ಇದೇ ಇಂದಿನ ಪ್ರಶ್ನೆ.

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಜಾನ್ ಗುಡ್ರಿಕ್ ಎಂಬ, ಕಿವಿ ಕೇಳಿಸದ ತರುಣನಿದ್ದ. ಆಲ್ಗಾಲ್ ತಾರೆ 2 ದಿನ 20 ಗಂಟೆ 49 ನಿಮಿಷಗಳಿಗೊಮ್ಮೆ ಮಂಕಾಗುವುದನ್ನು ಆತ 1783ರಲ್ಲಿ ಪ್ರಕಟಿಸಿದ. ಕಪ್ಪು ಕಾಯವೊಂದು ಅದರ ಮುಂದೆ ಹಾಯುತ್ತಿರಬಹುದೆಂದೂ ಸೂಚಿಸಿದ. 1784ರಲ್ಲಿ ಡೆಲ್ಟಾ ಸೆಫೈ ತಾರೆಯ ಏರಿಳಿತವನ್ನೂ ಗುರುತಿಸಿದ. 1786ರಲ್ಲಿ ತೀರಿಕೊಂಡಾಗ ಆತನಿಗೆ 21 ವರ್ಷ.

ಈ ಎರಡು ತಾರೆಗಳ ನಡತೆ ಬೇರೆ ಬೇರೆ. ಆಲ್ಗಾಲ್ ಬಹುಕಾಲ ಒಂದೇ ಸಮನೆ ಬೆಳಗಿ, ಸುಮಾರು 5 ಗಂಟೆಗಳಲ್ಲಿ ಕುಂದಿ, ಅಷ್ಟೇ ಅವಧಿಯಲ್ಲಿ ಚೇತರಿಸಿಕೊಳ್ಳುತ್ತದೆ. ಇದು ಗ್ರಹಣದ ಲಕ್ಷಣ. ಡೆಲ್ಟಾ ಸೆಫೈಗೆ ವಿರಾಮವೇ ಇಲ್ಲ. ಅದು ಸುಮಾರು ಒಂದೂವರೆ ದಿನದಲ್ಲಿ ಏರಿ, ಸುಮಾರು ನಾಲ್ಕು ದಿನ ಮೆಲ್ಲನೆ ಇಳಿಯುತ್ತದೆ.

ಹಾಗಿದ್ದರೂ ವಿಜ್ಞಾನಿಗಳಿಗೆ ಭ್ರಮೆಯುಂಟಾಯಿತು. 1889ರಲ್ಲಿ ಫೋಗಲ್ ಅವರು ಆಲ್ಗಾಲಿನ ರೋಹಿತವನ್ನು ಪರೀಕ್ಷಿಸಿ, ಅದು ಗ್ರಹಣಕ್ಕೆ ಮುನ್ನ ನಮ್ಮಿಂದ ದೂರ ಸರಿದು, ಗ್ರಹಣದ ಬಳಿಕ ಸಮೀಪಿಸುವುದನ್ನು ಕಂಡರು. ಯಮಳ ತಾರೆಯೆಂಬುದು ಸ್ಥಿರಪಟ್ಟಿತು. 1894ರಲ್ಲಿ ಬೆಲೊಪೋಲ್‌ಸ್ಕಿಯವರಿಗೆ ಡೆಲ್ಟಾ ಸೆಫೈಯಲ್ಲಿಯೂ ಅಂಥದೇ ಹಿಂದುಮುಂದಿನ ಚಲನೆ ಕಾಣಿಸಿತು. ಇದೂ ಯಮಳವೇ ಎಂದು ಹಲವರು ಬಗೆದರು.

ಆದರೆ ಚಲನೆಯೊಂದೇ ಸಾಕ್ಷಿಯಲ್ಲ, ಅದರ ಹೊತ್ತನ್ನೂ ವಿಚಾರಿಸಬೇಕು. ಗ್ರಹಣದ ನಡುವೆ ತಾರೆ ನಮಗೆ ಅಡ್ಡಲಾಗಿ ಸಾಗುತ್ತಿರುತ್ತದೆ. ಸೆಫೀಡ್ ತಾರೆಯ ಮೇಲ್ಮೈಯಾದರೋ, ಕಾಂತಿ ಪರಮಾವಧಿಯಲ್ಲಿರುವ ಹೊತ್ತಿಗೇ ನಮ್ಮತ್ತ ಅತಿ ವೇಗವಾಗಿ ಧಾವಿಸುತ್ತದೆ. ಅದರ ಬಣ್ಣವೂ ಬದಲಾಗುತ್ತದೆ: ಉಜ್ಜ್ವಲವಾದಾಗ ಬಿಸಿಯೇರಿ ಬಿಳುಪು, ಕುಂದಿದಾಗ ಹಳದಿ. 1914ರಲ್ಲಿ ಹಾರ್ಲೋ ಶೇಪ್ಲಿಯವರು ನಿರ್ಣಾಯಕವಾದ ಆಕ್ಷೇಪವನ್ನೆತ್ತಿದರು: ಯಮಳವೆಂದು ಲೆಕ್ಕ ಹಾಕಿದರೆ ಸಂಗಾತಿಯ ಕಕ್ಷೆಯು ಆ ದೈತ್ಯ ತಾರೆಯ ಒಡಲೊಳಗೇ ಬೀಳುತ್ತದೆ! ಆದ್ದರಿಂದ ಹಿಂದುಮುಂದೆ ಸರಿಯುವುದು ತಾರೆಯಲ್ಲ. ತಾರೆಯೇ ಹಿಗ್ಗಿ ಕುಗ್ಗಿ ಮಿಡಿಯುತ್ತಿದೆ.

ಇದು ಕೇವಲ ಹೆಸರಿನ ವಿವಾದವಲ್ಲ. ಮಿಡಿತ ದೀರ್ಘವಾದಷ್ಟೂ ತಾರೆ ಹೆಚ್ಚು ಪ್ರಕಾಶಮಾನವೆಂದು ಹೆನ್ರಿಯೆಟ್ಟಾ ಲೆವಿಟ್ ಅವರು 1912ರಲ್ಲಿ ತೋರಿಸಿದ್ದರು. ಆ ಅಳತೆಗೋಲನ್ನು ಹಿಡಿದೇ 1923ರಲ್ಲಿ ಹಬಲ್ ಅವರು ಆಂಡ್ರೊಮೀಡಾ ನಮ್ಮ ಆಕಾಶಗಂಗೆಯಿಂದಾಚೆಗಿನ ಬೇರೊಂದು ಲೋಕವೆಂದು ಅರಿತರು. ಯಮಳವನ್ನು ಸೆಫೀಡ್ ಎಂದು ಭ್ರಮಿಸಿದರೆ ಅಳತೆಗೋಲೇ ಸುಳ್ಳಾಗುತ್ತದೆ.

ಧ್ರುವನಿಗಾದರೋ ಎರಡೂ ಉಂಟು: ನಾಲ್ಕು ದಿನದ ಮಿಡಿತ ತನ್ನದು, ಸುಮಾರು 30 ವರ್ಷದ ಓಲಾಟ ಸಂಗಾತಿಯ ಸೆಳೆತದ್ದು. ಇವನ್ನು ಬಿಡಿಸಿ ನೋಡಲು ಕಲಿತುದರ ಫಲ ದೊಡ್ಡದು. 2019ರಲ್ಲಿ 20 ಗ್ರಹಣ ಯಮಳಗಳನ್ನು ಅಳೆದು, ದೊಡ್ಡ ಮೆಗೆಲನ್ ಮೇಘದ ದೂರವನ್ನು ಶೇಕಡಾ ಒಂದರಷ್ಟು ನಿಖರವಾಗಿ ಗೊತ್ತುಮಾಡಲಾಯಿತು. ಅಲ್ಲಿನ ಸೆಫೀಡ್‌ಗಳ ನಿಜಕಾಂತಿಯನ್ನು ಇಂದು ಒರೆಗೆ ಹಚ್ಚುವುದು ಆ ದೂರದಿಂದಲೇ. ಒಂದು ಕಾಲಕ್ಕೆ ನಮ್ಮನ್ನು ಗೊಂದಲಗೊಳಿಸಿದ ಎರಡು ಬಗೆಯ ತಾರೆಗಳು ಈಗ ಒಂದಕ್ಕೊಂದು ಸಾಕ್ಷಿ ನುಡಿಯುತ್ತಿವೆ.